ಅಪ್ಪನ ಲೆಕ್ಕದ ಪಕ್ಕದಲ್ಲಿ 100 ಜಿಬಿ ಜಾಗ

ಶುಕ್ರವಾರ ರಾತ್ರಿ

ರಾಯಚೂರು ಗಂಜಿನಲ್ಲಿ ನಮ್ಮದೊಂದು ಅಡತಿ ಅಂಗಡಿ ಇದೆ. ಅಲ್ಲಿನ ಲ್ಯಾಪ್‌ಟಾಪ್‌ಗೆ ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕುವ ಕೆಲಸ ಕೊನೆಗೂ ಶುರು ಮಾಡಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈ ಹಳೇ ಯಂತ್ರಕ್ಕೆ ವಿಂಡೋಸ್ 11 ಒಗ್ಗುವುದಿಲ್ಲ. ಹಾಗಂತ ವಿಂಡೋಸ್ ಅಳಿಸುವಂತೆಯೂ ಇಲ್ಲ, ಅಪ್ಪನ ಲೆಕ್ಕದ ಸಾಫ್ಟ್‌ವೇರ್ ಓಡುವುದು ಅದರಲ್ಲೇ. ಲೆಕ್ಕ ವಿಂಡೋಸ್‌ನಲ್ಲಿ ಇರಲಿ, ಇಂಟರ್ನೆಟ್ ಕೆಲಸ ಮಿಂಟ್‌ನಲ್ಲಿ ಆಗಲಿ ಅಂದುಕೊಂಡೆ.

ಅಪ್ಪ ಹೇಳಿದ್ದು ಒಂದೇ ಮಾತು: "ಇದ್ದದ್ದು ಇದ್ದಂಗ ಇರಬೇಕು ನೋಡಪಾ."

ಅದಕ್ಕೇ ಇವತ್ತು ಬರೀ ಬ್ಯಾಕಪ್. ಲೆಕ್ಕದ ಫೈಲುಗಳನ್ನು ಹೊರಗಿನ ಡಿಸ್ಕ್‌ಗೆ ಹಾಕಿ, ಮನೆಯ ಕಂಪ್ಯೂಟರಿನಲ್ಲಿ ತೆರೆದೂ ನೋಡಿದೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ನಂಬುವುದಿಲ್ಲ.

ಶನಿವಾರ

ಡಿಸ್ಕ್ 500 ಜಿಬಿಯದು, ವಿಂಡೋಸ್ ತೋರಿಸುವುದು 465. ಅರ್ಧಕ್ಕಿಂತ ಜಾಸ್ತಿ ಖಾಲಿ. ಮಿಂಟ್‌ಗೆ ಜಾಗ ಬಿಡಿಸಲು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಸಿ ಡ್ರೈವ್ ಮೇಲೆ ಶ್ರಿಂಕ್ (ಕುಗ್ಗಿಸು) ಒತ್ತಿದರೆ, 11 ಜಿಬಿ ಮಾತ್ರ ಬಿಡಿಸಬಹುದು ಅಂತು! ಇಷ್ಟು ಜಾಗ ಖಾಲಿ ಇದ್ದೂ ಯಾಕೆ ಹೀಗೆ?

ಇದು ಅರ್ಥವಾಗಲು ಇಡೀ ಮಧ್ಯಾಹ್ನ ಹಿಡಿಯಿತು. ಪಾರ್ಟಿಶನ್, ಅಂದರೆ ಡಿಸ್ಕ್‌ನ ಒಂದು ಭಾಗ, ಕುಗ್ಗುವುದು ಕೊನೆಯ ತುದಿಯಿಂದ. ಆ ತುದಿಯ ಹತ್ತಿರ ಜರುಗಿಸಲಾಗದ ಒಂದು ಫೈಲ್ ಕೂತಿದ್ದರೂ ಸಾಕು, ವಿಂಡೋಸ್ ಅಲ್ಲಿಗೇ ನಿಲ್ಲುತ್ತದೆ. ಅದರ ಹಿಂದೆ ಎಷ್ಟು ಖಾಲಿ ಇದ್ದರೂ ಲೆಕ್ಕಕ್ಕಿಲ್ಲ. ತಡೆದ ಫೈಲ್ ಯಾವುದು ಅಂತ, ವಿಂಡೋಸ್‌ನಲ್ಲಿ ಆಗಿದ್ದೆಲ್ಲ ದಾಖಲಾಗುವ ಇವೆಂಟ್ ವ್ಯೂವರ್‌ನ ಅಪ್ಲಿಕೇಶನ್ ಲಾಗ್‌ನಲ್ಲಿ 259ನೇ ನಂಬರಿನ ಇವೆಂಟ್ ಹೇಳುತ್ತದೆ. ನನ್ನಲ್ಲಿ ಅದು ಹೈಬರ್ನೇಶನ್ ಫೈಲ್, ಯಂತ್ರ ಮಲಗುವಾಗ ಮೆಮೊರಿಯಲ್ಲಿದ್ದದ್ದನ್ನು ಬರೆದಿಡುವ ಜಾಗ. ಪವರ್‌ಸಿಎಫ್‌ಜಿ ಕಮಾಂಡ್‌ನಿಂದ ಹೈಬರ್ನೇಶನ್ ನಿಲ್ಲಿಸಿದೆ. ಮಿತಿ 38 ಜಿಬಿಗೆ ಏರಿತು. ಈಗ ಲಾಗ್‌ನಲ್ಲಿ ಪೇಜ್ ಫೈಲ್ ಹೆಸರು, ಮೆಮೊರಿ ಸಾಲದಾಗ ವಿಂಡೋಸ್ ಬಳಸುವ ಫೈಲ್ ಅದು. ಅದನ್ನೂ ತಾತ್ಕಾಲಿಕವಾಗಿ ತೆಗೆದು ರೀಸ್ಟಾರ್ಟ್ ಮಾಡಿದ ಮೇಲೆ 120 ಜಿಬಿ ದಾಟಿತು. ಎಷ್ಟು ಖುಷಿಯಾಯಿತು ಅಂದರೆ ಅಪ್ಪನನ್ನು ಕರೆದು ತೋರಿಸಿದೆ.

ಮಿಂಟ್‌ಗೆ 20 ಜಿಬಿ ಇದ್ದರೂ ನಡೆಯುತ್ತದೆ, ಆರಾಮಾಗಿ ಇರಲು 100 ಜಿಬಿ ಬೇಕು. ಶ್ರಿಂಕ್ ಕೇಳುವುದು ಎಂಬಿಯಲ್ಲಿ, ಹಾಗಾಗಿ 1,02,400 ಅಂತ ಕೊಡಬೇಕು. ಹಗಲು ಕರೆಂಟ್ ನಂಬಲಾಗದು, ಬ್ಯಾಟರಿಯೂ ಹಳೆಯದು. ರಾತ್ರಿ ಹತ್ತರ ಮೇಲೆ, ಇನ್ವರ್ಟರ್ ತುಂಬಿದೆ ಅಂತ ನೋಡಿಕೊಂಡೇ ಒತ್ತಿದೆ. ಹದಿನೈದು ನಿಮಿಷದಲ್ಲಿ ಕಪ್ಪು ಪಟ್ಟಿಯೊಂದು ಬಂತು: ಯಾರಿಗೂ ಹಂಚದ 100 ಜಿಬಿ. ಪೇಜ್ ಫೈಲನ್ನು ವಾಪಸ್ ಹಾಕಿದೆ. ಹೈಬರ್ನೇಶನ್ ಹಾಗೇ ಆಫ್ ಇರಲಿ. ಅದರ ಜೊತೆ ಫಾಸ್ಟ್ ಸ್ಟಾರ್ಟಪ್ (ವಿಂಡೋಸ್ ಬೇಗ ಏಳುವ ಸೌಲಭ್ಯ) ಕೂಡ ನಿಲ್ಲುತ್ತದೆ. ಅದು ನಿಲ್ಲದಿದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದೇ ಇಲ್ಲ, ಲಿನಕ್ಸ್‌ನಿಂದ ಆ ಡ್ರೈವ್‌ಗೆ ಬರೆಯುವುದು ಅಪಾಯ.

ಭಾನುವಾರ

ಇನ್‌ಸ್ಟಾಲ್ ಸಲೀಸು. ಖಾಲಿ ಜಾಗಕ್ಕೆ ಎಕ್ಸ್ಟ್4 ಎಂಬ ಲಿನಕ್ಸ್ ಫೈಲ್ ಸಿಸ್ಟಮ್ ಕೊಟ್ಟೆ. ಯಂತ್ರ ಏಳಲು ಬೇಕಾದ ಫೈಲುಗಳಿರುವ, ಈಗಿರುವ ಇಎಫ್‌ಐ ಪಾರ್ಟಿಶನ್ನನ್ನೇ ಬಳಸಿದೆ, ಫಾರ್ಮ್ಯಾಟ್ ಗುರುತು ಹಾಕಲಿಲ್ಲ. ಅದೊಂದು ತಪ್ಪಿದ್ದರೆ ವಿಂಡೋಸ್ ಏಳುತ್ತಲೇ ಇರಲಿಲ್ಲ. ಯಾವುದನ್ನು ಶುರು ಮಾಡಲಿ ಅಂತ ಕೇಳುವ ಗ್ರಬ್ ಮೆನುವಿನಲ್ಲಿ ಎರಡೂ ಹೆಸರು ಬಂದವು.

ಸೋಮವಾರ

ಅಂಗಡಿಯಿಂದ ಅಪ್ಪನ ಫೋನ್. "ಬಿಲ್ಲಿನ್ಯಾಗ ಟೈಮ್ ನಾಕು ಹತ್ತು ಅಂತ ಬಂದೈತಲ್ಲೋ." ಆಗ ಬೆಳಿಗ್ಗೆ 9:40. ಸರಿಯಾಗಿ ಐದೂವರೆ ಗಂಟೆ ಹಿಂದೆ! ಮಿಂಟ್ ಯಂತ್ರದ ಗಡಿಯಾರವನ್ನು ಯುಟಿಸಿಯಲ್ಲಿ, ಅಂದರೆ ನಮಗಿಂತ ಅಷ್ಟೇ ಹಿಂದಿರುವ ಜಾಗತಿಕ ಸಮಯದಲ್ಲಿ, ಇಡುತ್ತದೆ, ವಿಂಡೋಸ್ ಅದನ್ನೇ ಇಲ್ಲಿನ ಸಮಯ ಅಂತ ಓದುತ್ತದೆ. ಮಧ್ಯಾಹ್ನ ಅಂಗಡಿಗೆ ಹೋಗಿ, ಟೈಮ್‌ಡೇಟ್‌ಸಿಟಿಎಲ್ ಕಮಾಂಡ್‌ನಿಂದ ಮಿಂಟ್ ಕೂಡ ಸ್ಥಳೀಯ ಸಮಯವನ್ನೇ ಇಡುವಂತೆ ಮಾಡಿದೆ. ವಿಂಡೋಸ್‌ನಲ್ಲೂ ಗಡಿಯಾರ ಸರಿಮಾಡಿ ಎರಡು ಸಲ ಅತ್ತಿತ್ತ ಬೂಟ್ ಮಾಡಿ ನೋಡಿದೆ. ಸರಿಯಾಗಿದೆ. ಬೆಳಗಿನ ಮೂರು ಬಿಲ್ಲುಗಳನ್ನು ಅಪ್ಪ ಮತ್ತೆ ಪ್ರಿಂಟ್ ತೆಗೆಸಿದರು.