ಕೂತ್ಕೋ ಅಂದಷ್ಟೂ ಎದ್ದು ನಿಲ್ತಾರೆ

ಎರಡನೇ ಕ್ಲಾಸಿಗೆ ಪಾಠ ಶುರು ಮಾಡಿದ ಹೊಸತರಲ್ಲಿ ದಿನಕ್ಕೆ ಎಷ್ಟು ಸಲ "ಏಯ್ ಕೂತ್ಕೋ" ಅಂತಿದ್ನೋ ಲೆಕ್ಕಾನೇ ಇಲ್ಲ, ಸಂಜೆ ಹೊತ್ತಿಗೆ ಗಂಟಲು ಕಟ್ಟಿರ್ತಿತ್ತು. ಆಮೇಲೆ ಓದಿದ್ದು, 1968ರಲ್ಲೇ ಅಮೆರಿಕದ ಒಂದನೇ ಕ್ಲಾಸಲ್ಲಿ ಇದನ್ನ ಪ್ರಯೋಗ ಮಾಡಿ ನೋಡಿದಾರೆ, ಟೀಚರ್‌ಗಳು "ಕೂತ್ಕೋ" ಅನ್ನೋದು ಜಾಸ್ತಿ ಮಾಡಿದಾಗ ಎದ್ದು ನಿಲ್ಲೋದೂ ಜಾಸ್ತಿ ಆಯ್ತು, ಕೂತು ಕೆಲಸ ಮಾಡ್ತಿರೋರನ್ನ ಹೊಗಳೋಕೆ ಹಿಡಿದಾಗ ಕಮ್ಮಿ ಆಯ್ತು. ಮೊದಲು ನಗು ಬಂತು, ಆಮೇಲೆ ನಾಚಿಕೆ. ಬೈಗುಳಾನೂ ಗಮನಾನೇ ಅಲ್ವಾ, ಇಡೀ ಕ್ಲಾಸ್ ಮುಂದೆ ಮಿಸ್ಸು ತನ್ನ ಹೆಸರು ಹಿಡಿದು ಕೂಗಿದ್ರೆ ಅದೇ ಮಗುಗೆ ಪ್ರೈಜು!

ಈಗ ಎದ್ದು ಓಡಾಡೋನ ಕಡೆ ಆದಷ್ಟು ನೋಡಲ್ಲ, ಅವನು ಕೂತ ತಕ್ಷಣ ಹೋಗಿ "ಎರಡು ಲೆಕ್ಕ ಮುಗಿಸಿಬಿಟ್ಯಾ, ಸರಿ ಮುಂದಿಂದು ಮಾಡು" ಅಂತೀನಿ. (ಹೊಡೆದಾಟಕ್ಕೆ ಇದು ನಡೆಯಲ್ಲ, ಅಲ್ಲಿ ಮಧ್ಯೆ ಹೋಗಲೇಬೇಕು.) ಬರೀ "ಗುಡ್" ಅಂದ್ರೆ ಯಾವುದಕ್ಕೆ ಅಂತ ಮಗುಗೆ ಗೊತ್ತಾಗಲ್ಲ. ಕೆಲವು ಮಕ್ಕಳಿಗೆ ಎಲ್ಲರೆದುರು ಹೊಗಳಿಸಿಕೊಳ್ಳೋದೇ ಹಿಂಸೆ, ಅವರಿಗೆ ಪಕ್ಕ ಬಗ್ಗಿ ಮೆಲ್ಲಗೆ ಹೇಳಿದ್ರೆ ಸಾಕು. ಇನ್ನೊಂದು, "ನೋಡು ಅವಳು ಎಷ್ಟು ಚೆನ್ನಾಗಿ ಕೂತಿದಾಳೆ" ಅನ್ನೋದು ಹೊಗಳಿಕೆ ಅಲ್ವೇ ಅಲ್ಲ, ಪಕ್ಕದೋನಿಗೆ ಬೈಯೋದು, ಮಕ್ಕಳಿಗೆ ಅದು ಥಟ್ಟಂತ ಗೊತ್ತಾಗುತ್ತೆ.

ನಂಗೆ ಬಿಡೋಕೆ ಕಷ್ಟ ಆಗಿದ್ದು "ಜಾಣ" ಅನ್ನೋ ಮಾತು. 1998ರಲ್ಲಿ ಮುಲ್ಲರ್, ಡ್ವೆಕ್ ಅನ್ನೋ ಮನಶ್ಶಾಸ್ತ್ರಜ್ಞರು ತೋರಿಸಿದ್ದು ಏನಂದ್ರೆ, ನೀನು ಬುದ್ಧಿವಂತ ಅಂತ ಹೊಗಳಿಸಿಕೊಂಡ ಮಕ್ಕಳು ಕಷ್ಟದ ಒಗಟಿನಲ್ಲಿ ಸೋತ ಮೇಲೆ ಬೇಗ ಕೈಬಿಟ್ರು, ಕಷ್ಟಪಟ್ಟು ಮಾಡಿದೆ ಅನ್ನಿಸಿಕೊಂಡವರು ಇನ್ನೂ ಪ್ರಯತ್ನ ಮಾಡ್ತಾ ಇದ್ರು.

ಒಳ್ಳೆ ಕೆಲಸಕ್ಕೆ ಒಂದೊಂದು ಸ್ಟಾರ್ ಅಂಟಿಸೋ ಸ್ಟಾರ್ ಚಾರ್ಟ್ ಕಥೆ ಬೇರೆ. ಮೊದಲ ತಿಂಗಳು ಕ್ಲಾಸು ಬಂಗಾರ, ಎರಡನೇ ತಿಂಗಳು ಒಬ್ಬ ಬಂದು "ಬೋರ್ಡ್ ಒರೆಸಿದ್ರೆ ಎಷ್ಟು ಸ್ಟಾರ್ ಮಿಸ್?" ಅಂದ. ಅವನು ದಿನಾ ಸುಮ್ನೆ ಖುಷಿಗೆ ಒರೆಸ್ತಿದ್ದ ಹುಡುಗ, ನಾನೇ ಅವನನ್ನ ವ್ಯಾಪಾರಿ ಮಾಡಿಟ್ಟಿದ್ದೆ! 1973ರ ಒಂದು ಪ್ರಯೋಗದಲ್ಲೂ ಹಿಂಗೇ, ಚಿತ್ರ ಬರೆದ್ರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿಸಿಕೊಂಡ ಪುಟಾಣಿಗಳು ಆಮೇಲೆ ತಾವಾಗೇ ಬರೆಯೋದು ಕಮ್ಮಿ ಮಾಡಿದ್ರು, ಮೊದಲೇ ಹೇಳದೆ ದಿಢೀರ್ ಅಂತ ಸರ್ಟಿಫಿಕೇಟ್ ಸಿಕ್ಕವರಿಗೆ ಹಂಗಾಗಲಿಲ್ಲ. ಹಂಗಂತ ಸ್ಟಾರ್ ಪೂರ್ತಿ ಬಿಟ್ಟಿಲ್ಲ, ಯಾರಿಗೂ ಇಷ್ಟವಿಲ್ಲದ ಮಗ್ಗಿ ಕಲಿಸೋಕೆ ಶುರುವಿನಲ್ಲಿ ಬೇಕೇ ಬೇಕು, ಆಮೇಲೆ ದಿನಾ ಇದ್ದಿದ್ದು ವಾರಕ್ಕೊಂದು ಮಾಡ್ತೀನಿ. ಚಾರ್ಟ್ ಗೋಡೆಯಿಂದ ತೆಗೆದಾಗ ಎರಡು ದಿನ ಕೇಳಿದ್ರು, ಮೂರನೇ ದಿನ ಯಾರೂ ಕೇಳಲಿಲ್ಲ. ಬೋರ್ಡ್ ಹುಡುಗ ಮಾತ್ರ ಇನ್ನೂ ಒಂದೊಂದು ಸಲ ಡಸ್ಟರ್ ಹಿಡ್ಕೊಂಡು ನನ್ನ ಮುಖ ನೋಡ್ತಾನೆ.