ಮೂರು ದಿನದಿಂದ ಒಂದೇ ಆಲ್ಬಮ್

ಅಮೆರಿಕದ ಗಿಟಾರ್ ವಾದಕ, ಗಾಯಕ ಸ್ಟೀವಿ ರೇ ವಾನ್‌ನ 'ಟೆಕ್ಸಸ್ ಫ್ಲಡ್' ಹಿಡಿದುಬಿಟ್ಟಿದೆ. 1983ರ ಆಲ್ಬಮ್. ಇಷ್ಟು ವರ್ಷ ಇದನ್ನು ಕೇಳದೆ ಹೇಗಿದ್ದೆನೋ!

ಗಿಟಾರ್, ಬೇಸ್, ಡ್ರಮ್ಸ್. ಮೂರೇ ಜನ. ಗಾಯಕ ಜ್ಯಾಕ್ಸನ್ ಬ್ರೌನ್ ಲಾಸ್ ಏಂಜಲೀಸ್‌ನ ತನ್ನ ಸ್ಟುಡಿಯೋವನ್ನು ಇವರಿಗೆ ಪುಕ್ಕಟೆಯಾಗಿ ಬಿಟ್ಟುಕೊಟ್ಟಿದ್ದ, ಅಲ್ಲಿ ಇವರು ಸ್ಟೇಜ್ ಮೇಲೆ ನುಡಿಸುವ ಹಾಗೇ ಒಟ್ಟಿಗೆ ನುಡಿಸಿ ಕೆಲವೇ ದಿನದಲ್ಲಿ ಕೆಲಸ ಮುಗಿಸಿದ್ದಾರೆ. ಹೆಚ್ಚು ತಿದ್ದಿ ತೀಡಿದ ಹಾಗೆ ಅನಿಸುವುದೇ ಇಲ್ಲ, ನನಗೆ ಇಷ್ಟವಾಗಿದ್ದೂ ಅದೇ.

ಆಲ್ಬಮ್ ಹೆಸರಿನ ಹಾಡೇ ಇದೆಯಲ್ಲ, ನಿಧಾನದ ಬ್ಲೂಸ್ (ಅಮೆರಿಕದ ಕಪ್ಪು ಜನರಿಂದ ಬಂದ, ನೋವು ತೋಡಿಕೊಳ್ಳುವ ಹಾಡಿನ ಶೈಲಿ), ಅದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಅವನು ಒಂದು ಸಾಲು ಹಾಡಿ ಸುಮ್ಮನಾಗುತ್ತಾನೆ, ಉಳಿದ ಮಾತನ್ನು ಗಿಟಾರ್ ಆಡುತ್ತದೆ. ಒಂದು ಸ್ವರವನ್ನು ಹಿಡಿದು ಎಳೆದು, ಇನ್ನೇನು ತಂತಿ ಕಿತ್ತೇ ಹೋಯಿತು ಅನ್ನುವಾಗ ಬಿಡುತ್ತಾನೆ. ಆ ತಂತಿಗಳೂ ಸುಮ್ನೆ ಅಲ್ಲ, ಮಾಮೂಲಿಗಿಂತ ಜಾಸ್ತಿ ದಪ್ಪ, ಅತಿ ತೆಳುವಾದ ತಂತಿಯನ್ನು ಹೆಚ್ಚಿನವರು 0.009 ಅಥವಾ 0.010 ಇಂಚಿನದ್ದು ಹಾಕುವ ಕಡೆ ಇವನದು 0.013, ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿಕೊಳ್ಳುತ್ತಿದ್ದ. ನಾನೂ ಒಮ್ಮೆ ಅಂಥ ತಂತಿ ಹಾಕಿ ನೋಡಿದ್ದೆ. ಹತ್ತು ನಿಮಿಷಕ್ಕೆ ಬೆರಳ ತುದಿ ಕೆಂಪಗಾಗಿ, ಮಾರನೇ ದಿನ ಶರ್ಟಿನ ಗುಂಡಿ ಹಾಕುವುದೂ ಕಷ್ಟವಾಯಿತು.

ವೇಗದ ಹಾಡುಗಳೂ ಇವೆ, ಚೆನ್ನಾಗಿವೆ. ಆದರೆ ನಾನು ಕಾಯುವುದು ಕೊನೆಯ 'ಲೆನ್ನಿ'ಗೆ. ಹೆಂಡತಿಗಾಗಿ ಕಟ್ಟಿದ್ದು. ಒಂದೂ ಮಾತಿಲ್ಲ. ಇಷ್ಟು ಹೊತ್ತು ಅಬ್ಬರಿಸಿದ ಅದೇ ಕೈ ಇಲ್ಲಿ ಮೆಲ್ಲಗೆ ತಂತಿ ಸವರುತ್ತದೆ. ಇವತ್ತು ಬೆಳಿಗ್ಗೆಯಿಂದ ನಾಲ್ಕು ಸಲ ಆಯಿತು, ಐದನೆಯದು ಈಗ ಓಡುತ್ತಿದೆ.