ತೋಟದ ಲೆಕ್ಕಕ್ಕೆ ಪಿಎಚ್‌ಪಿ ಮತ್ತು ಮಾಂಗೋಡಿಬಿ

ಕೊಡಗಿನ ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಬರೆದಿಡುವ ಪುಸ್ತಕವನ್ನು ಒಂದೇ ಅಚ್ಚಿನ ಕೋಷ್ಟಕಕ್ಕೆ ಇಳಿಸುವುದು ಸುಲಭವಲ್ಲ. ಮಳೆಯ ದಾಖಲೆಗೆ ದಿನಾಂಕ ಮತ್ತು ಅಳತೆ ಸಾಕು. ಕಾಫಿ ಕುಯ್ಲಿನ ದಿನವಾದರೆ ಯಾವ ಬ್ಲಾಕ್, ಅರೇಬಿಕಾವೋ ರೊಬಸ್ಟಾವೋ, ಯಾರು ಎಷ್ಟು ಕಿಲೋ ಕುಯ್ದರು ಎಂಬುದೆಲ್ಲ ಬೇಕು. ಕರಿಮೆಣಸಿಗೆ ಹಸಿ ತೂಕ, ಒಣ ತೂಕ, ಲೀಟರ್ ತೂಕ, ತೇವಾಂಶ. ಚೆರ್ರಿ ಮಾರಿದ ದಿನ 50 ಕಿಲೋ ಚೀಲಗಳ ಸಂಖ್ಯೆ, ಔಟ್ ಟರ್ನ್ (ಚೆರ್ರಿಯಿಂದ ಸಿಗುವ ಬೀಜದ ಪ್ರಮಾಣ), ದರ. ಇವುಗಳ ನಡುವೆ ಗೊಬ್ಬರ, ಬೋರ್ಡೋ ಸಿಂಪಡಣೆ, ಮರ ಕಪಾತು. ಇದನ್ನೆಲ್ಲ ಮೈಎಸ್‌ಕ್ಯೂಎಲ್‌ನಂತಹ ಕೋಷ್ಟಕಗಳ ಡೇಟಾಬೇಸ್‌ನ ಒಂದೇ ಟೇಬಲ್‌ಗೆ ತುಂಬಿದರೆ ಮುಕ್ಕಾಲು ಪಾಲು ಕಾಲಮ್‌ಗಳು ಸದಾ ಖಾಲಿಯಾಗಿರುತ್ತವೆ; ಪ್ರತಿಯೊಂದಕ್ಕೂ ಬೇರೆ ಟೇಬಲ್ ಮಾಡಿದರೆ, ಮುಂದಿನ ವರ್ಷ ಮಾಲೀಕರು ಏಲಕ್ಕಿಯನ್ನೂ ಸೇರಿಸಿ ಎಂದಾಗ ಮತ್ತೊಂದು ಟೇಬಲ್ ಕಟ್ಟಬೇಕಾಗುತ್ತದೆ.

ಸಿದ್ದಾಪುರದ ಸುತ್ತಮುತ್ತಲಿನ ಕೆಲವು ಸಣ್ಣ ತೋಟಗಳಿಗಾಗಿ ನಾನು ಬರೆಯುತ್ತಿರುವ ಲೆಕ್ಕದ ತಂತ್ರಾಂಶಕ್ಕೆ ಮಾಂಗೋಡಿಬಿಯನ್ನು ಆರಿಸಿಕೊಂಡದ್ದು ಈ ಕಾರಣಕ್ಕೆ. 2009ರಲ್ಲಿ ಮೊದಲು ಬಿಡುಗಡೆಯಾದ ಈ ಡೇಟಾಬೇಸ್‌ನಲ್ಲಿ ಸಾಲು ಮತ್ತು ಕಾಲಮ್‌ಗಳ ಬದಲು ಡಾಕ್ಯುಮೆಂಟ್‌ಗಳಿರುತ್ತವೆ, ಒಂದೇ ಕಲೆಕ್ಷನ್‌ನಲ್ಲಿರುವ (ಡಾಕ್ಯುಮೆಂಟ್‌ಗಳ ಗುಂಪಿನಲ್ಲಿರುವ) ಎರಡು ಡಾಕ್ಯುಮೆಂಟ್‌ಗಳು ಒಂದೇ ರೂಪದಲ್ಲಿರಬೇಕೆಂಬ ಕಟ್ಟುಪಾಡಿಲ್ಲ. ಆದರೆ ಡೇಟಾಬೇಸ್ ಕೇಳದೆ ಬಿಟ್ಟ ಶಿಸ್ತನ್ನು ಯಾರಾದರೂ ಪಾಲಿಸಲೇಬೇಕು. ಆ ಹೊಣೆ ಪೂರ್ತಿಯಾಗಿ, ನಾನು ತಂತ್ರಾಂಶ ಬರೆಯುತ್ತಿರುವ ಪಿಎಚ್‌ಪಿ ಭಾಷೆಯ ಕೋಡ್‌ನ ಹೆಗಲಿಗೆ ಬೀಳುತ್ತದೆ. ಪಿಎಚ್‌ಪಿಯೋ, ದತ್ತಾಂಶದ ಪ್ರಕಾರಗಳ (ಸಂಖ್ಯೆಯೋ, ಅಕ್ಷರವೋ ಎಂಬುದರ) ವಿಷಯದಲ್ಲಿ ಮೊದಲಿನಿಂದಲೂ ಧಾರಾಳಿ. ಈ ಬರಹದಲ್ಲಿರುವುದು ಆ ಧಾರಾಳತನವನ್ನು ಎಲ್ಲೆಲ್ಲಿ ಬಿಗಿಹಿಡಿಯಬೇಕಾಗುತ್ತದೆ ಎಂಬ ವಿಚಾರ.

ಅನುಸ್ಥಾಪನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಕಾದವು ಎರಡು ಪದರಗಳು: ಪಿಎಚ್‌ಪಿ ಎಕ್ಸ್‌ಟೆನ್ಷನ್‌ಗಳ ಭಂಡಾರವಾದ ಪೆಕಲ್ ಮೂಲಕ ಹಾಕಿಕೊಳ್ಳುವ ‘ಮಾಂಗೋಡಿಬಿ’ ಎಂಬ ಎಕ್ಸ್‌ಟೆನ್ಷನ್, ಅದರ ಮೇಲೆ ಲೈಬ್ರರಿಗಳನ್ನು ತರುವ ಸಾಧನವಾದ ಕಂಪೋಸರ್ ಮೂಲಕ ತರುವ ಅದೇ ಹೆಸರಿನ ಲೈಬ್ರರಿ. ಕೇವಲ ‘ಮಾಂಗೋ’ ಎಂಬ ಹೆಸರಿನ ಹಳೆಯ ಎಕ್ಸ್‌ಟೆನ್ಷನ್ ಒಂದಿತ್ತು. 2015ರ ಕೊನೆಯಲ್ಲಿ ಬಂದ ಪಿಎಚ್‌ಪಿ 7ರ ಮೇಲೆ ಅದು ಓಡುವುದೇ ಇಲ್ಲ. ಅಂತರ್ಜಾಲದಲ್ಲಿ ಸಿಗುವ ಉದಾಹರಣೆಯಲ್ಲಿ ‘ಮಾಂಗೋಕ್ಲೈಂಟ್’ ಎಂಬ ಕ್ಲಾಸ್ ಕಂಡರೆ ಅದು ಹಳೆಯ ಕಾಲದ್ದು ಎಂದು ತಿಳಿದು ಮುಂದೆ ಹೋಗಬಹುದು. ಅಗ್ಗದ ಶೇರ್ಡ್ ಹೋಸ್ಟಿಂಗ್‌ಗಳಲ್ಲಿ ಈ ಎಕ್ಸ್‌ಟೆನ್ಷನ್ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಸ್ವಂತ ವರ್ಚುವಲ್ ಸರ್ವರ್ ಬೇಕಾಗುತ್ತದೆ ಎಂಬುದನ್ನು ಮಾತ್ರ ಖರ್ಚಿನ ಲೆಕ್ಕ ಹಾಕುವಾಗಲೇ ಸೇರಿಸಿಕೊಳ್ಳಬೇಕು. ಇನ್ನೊಂದು ಸಣ್ಣ ವಿಷಯ: ಕ್ಲೈಂಟ್ ಆಬ್ಜೆಕ್ಟ್ ಸೃಷ್ಟಿಯಾದ ಮಾತ್ರಕ್ಕೆ ಸರ್ವರ್‌ನೊಂದಿಗೆ ಸಂಪರ್ಕ ಏರ್ಪಟ್ಟಿದೆ ಎಂದರ್ಥವಲ್ಲ. ಮೊದಲ ಪ್ರಶ್ನೆ (ಕ್ವೆರಿ) ಕೇಳಿದಾಗಲಷ್ಟೇ ಅದು ಸರ್ವರ್ ಕಡೆ ಹೊರಡುತ್ತದೆ. ಆದ್ದರಿಂದ ದೋಷ ಹಿಡಿಯುವ ಕೋಡ್ ಇರಬೇಕಾದದ್ದು ಅಲ್ಲಿ.

ಪಿಎಚ್‌ಪಿಯ ಅರೇ ಎಂಬುದು ಪಟ್ಟಿಯೂ ಹೌದು, ಕೀಲಿ-ಮೌಲ್ಯಗಳ ನಕ್ಷೆಯೂ ಹೌದು. ಮಾಂಗೋಡಿಬಿ ದತ್ತಾಂಶವನ್ನು ಇಡುವ ಬಿಸಾನ್ ರೂಪದಲ್ಲಿ ಇವೆರಡೂ ಬೇರೆ ಬೇರೆ ಪ್ರಕಾರಗಳು. ಕೀಲಿಗಳು ಸೊನ್ನೆಯಿಂದ ಶುರುವಾಗಿ ಎಲ್ಲೂ ತಪ್ಪದೆ ಕ್ರಮವಾಗಿದ್ದರೆ ಡ್ರೈವರ್ (ಮೇಲೆ ಹೇಳಿದ ಎಕ್ಸ್‌ಟೆನ್ಷನ್) ಅದನ್ನು ಪಟ್ಟಿ ಎಂದು ಬರೆಯುತ್ತದೆ, ಇಲ್ಲವಾದರೆ ಒಳ-ಡಾಕ್ಯುಮೆಂಟ್ ಎಂದು. ಕುಯ್ಲಿನ ದಾಖಲೆಯೊಳಗೆ ಐದು ಜನರ ತೂಕದ ಪಟ್ಟಿಯಿದೆ ಎಂದುಕೊಳ್ಳೋಣ. ಅವರಲ್ಲಿ ಮೂರನೆಯವರು ಆ ದಿನ ಬಂದಿಲ್ಲವೆಂದು ‘ಅರೇ ಫಿಲ್ಟರ್’ ಬಳಸಿ ತೆಗೆದುಹಾಕಿದರೆ, ಉಳಿಯುವ ಕೀಲಿಗಳು 0, 1, 3, 4. ತೆರೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಡೇಟಾಬೇಸ್‌ನಲ್ಲಿ ಮಾತ್ರ ಅದು ಪಟ್ಟಿಯಾಗಿ ಉಳಿದಿರುವುದಿಲ್ಲ. ಮುಂದೆ ಅದಕ್ಕೆ ‘ಪುಶ್’ ಮಾಡಹೊರಟರೆ (ಹೊಸದನ್ನು ಸೇರಿಸಹೊರಟರೆ) ದೋಷ ಬರುತ್ತದೆ, ‘ಅನ್‌ವೈಂಡ್’ ಮಾಡಿದರೆ (ಪಟ್ಟಿಯನ್ನು ಬಿಡಿ ದಾಖಲೆಗಳಾಗಿ ಬಿಡಿಸಿದರೆ) ನಾಲ್ಕು ದಾಖಲೆಗಳ ಬದಲು ಒಂದೇ ಒಂದು ಬರುತ್ತದೆ. ಬರೆಯುವ ಮೊದಲು ‘ಅರೇ ವ್ಯಾಲ್ಯೂಸ್’ ಮೂಲಕ ಹಾಯಿಸಿದರೆ ಕೀಲಿಗಳು ಮತ್ತೆ ಸಾಲಾಗುತ್ತವೆ. ನನ್ನ ಕೋಡ್‌ನಲ್ಲಿ ಪಟ್ಟಿ ಇರುವ ಪ್ರತಿ ಜಾಗದಲ್ಲೂ ಅಗತ್ಯವಿರಲಿ ಇಲ್ಲದಿರಲಿ ಅದೊಂದು ಸಾಲು ಇದ್ದೇ ಇರುತ್ತದೆ.

ಫಾರ್ಮ್‌ನ ಖಾನೆಗಳಲ್ಲಿ ತುಂಬಿದ ಸಂಖ್ಯೆಗಳೂ ಪಿಎಚ್‌ಪಿಗೆ ಅಕ್ಷರಮಾಲೆಯಾಗಿಯೇ (ಸ್ಟ್ರಿಂಗ್) ತಲುಪುತ್ತವೆ. ಮೈಎಸ್‌ಕ್ಯೂಎಲ್ ಆಗಿದ್ದರೆ ಸಂಖ್ಯೆಯ ಕಾಲಮ್ ಅದನ್ನು ತಾನೇ ಸಂಖ್ಯೆಯಾಗಿ ಬದಲಿಸಿಕೊಳ್ಳುತ್ತಿತ್ತು. ಮಾಂಗೋಡಿಬಿ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಇಡುತ್ತದೆ. ತೂಕ ‘62’ ಎಂಬ ಅಕ್ಷರಮಾಲೆಯಾಗಿ ಹೋದರೆ, ತಿಂಗಳ ಮೊತ್ತ ಕೇಳಿದಾಗ ‘ಸಮ್’ ಆಪರೇಟರ್ ಸಂಖ್ಯೆಯಲ್ಲದ್ದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ದೋಷದ ಸಂದೇಶವಿಲ್ಲ, ಎಚ್ಚರಿಕೆಯಿಲ್ಲ. ಎಲ್ಲ ತೂಕಗಳೂ ಅಕ್ಷರವಾಗಿದ್ದರೆ ಮೊತ್ತ ಸೊನ್ನೆ ಎಂದು ಬರುವುದರಿಂದ ಕೂಡಲೇ ಗೊತ್ತಾಗುತ್ತದೆ. ಕೆಲವು ಮಾತ್ರ ಹಾಗಿದ್ದರೆ ನಂಬುವಂತಹ ಒಂದು ತಪ್ಪು ಮೊತ್ತ ಬರುತ್ತದೆ, ನನ್ನ ದೃಷ್ಟಿಯಲ್ಲಿ ಇದು ಹೆಚ್ಚು ಅಪಾಯಕಾರಿ.

ಮಳೆಯ ಅಳತೆಯದ್ದು ಇದಕ್ಕಿಂತ ಸೂಕ್ಷ್ಮವಾದ ತೊಡಕು. ಇಲ್ಲಿನ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ‘ಒಂದು ಇಂಚು ಐದು ಸೆಂಟು’ ಎಂಬುದನ್ನು ಕೆಲವರು 1.05 ಎಂದು ಬರೆದರೆ ಕೆಲವರು 1.5 ಎಂದು ಬರೆಯುತ್ತಾರೆ, ಎರಡನೆಯದನ್ನು ಯಂತ್ರ ಒಂದೂವರೆ ಇಂಚು ಎಂದೇ ಓದುತ್ತದೆ. ಆದ್ದರಿಂದ ಫಾರ್ಮ್‌ನಲ್ಲಿ ಇಂಚಿಗೆ ಒಂದು ಖಾನೆ, ಸೆಂಟಿಗೆ ಇನ್ನೊಂದು ಖಾನೆ ಇಟ್ಟು, ಡೇಟಾಬೇಸ್‌ಗೆ 105 ಎಂಬ ಒಂದೇ ಪೂರ್ಣಾಂಕವನ್ನು ಕಳುಹಿಸುವುದು ಕ್ಷೇಮ. ದಶಮಾಂಶ ಬಿಂದುವೇ ಇಲ್ಲದಿರುವುದರಿಂದ ವರ್ಷದ ಮೊತ್ತದಲ್ಲಿ ತೇಲುಬಿಂದು ಸಂಖ್ಯೆಗಳ ಚಿಲ್ಲರೆ ವ್ಯತ್ಯಾಸಗಳೂ ಸೇರುವುದಿಲ್ಲ.

ದಿನಾಂಕವನ್ನು ಮಾಂಗೋಡಿಬಿ ವಿಶ್ವಕಾಲಮಾನದ ಮಿಲಿಸೆಕೆಂಡುಗಳಲ್ಲಿ ಇಡುತ್ತದೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಜುಲೈ 1 ಎಂದು ನಮ್ಮ ಮಧ್ಯರಾತ್ರಿಯ ಲೆಕ್ಕದಲ್ಲಿ ಉಳಿಸಿದ ದಾಖಲೆ ಡೇಟಾಬೇಸ್‌ನಲ್ಲಿ ಜೂನ್ 30ರ ಸಂಜೆ 6:30 ಆಗಿರುತ್ತದೆ. ಕಾಲವಲಯವನ್ನು ಹೇಳದೆ ತಿಂಗಳವಾರು ಗುಂಪು ಮಾಡಿದರೆ ಜುಲೈ ಮೊದಲ ದಿನದ ಮಳೆ ಜೂನ್ ಖಾತೆಗೆ ಜಮೆಯಾಗುತ್ತದೆ. ಕೊಡಗಿನಲ್ಲಿ ಜುಲೈ ತಿಂಗಳ ಒಂದು ದಿನದ ಮಳೆ ಎಂದರೆ ಕಡೆಗಣಿಸುವಂತಹ ಅಂಕಿಯಲ್ಲ, ಭಾಗಮಂಡಲದ ಕಡೆಯಂತೂ ಅಲ್ಲವೇ ಅಲ್ಲ. ಇದಕ್ಕೆ ಎರಡು ದಾರಿಗಳಿವೆ. ಗುಂಪು ಮಾಡುವ ಆಪರೇಟರ್‌ಗೆ ‘ಏಷ್ಯಾ/ಕೋಲ್ಕತಾ’ ಎಂಬ ಕಾಲವಲಯವನ್ನು ಕೊಡುವುದು ಒಂದು. ಹವಾಮಾನ ಇಲಾಖೆಯಂತೆ ಬೆಳಿಗ್ಗೆ 8:30ಕ್ಕೆ ಕೊನೆಗೊಳ್ಳುವ 24 ಗಂಟೆಗಳ ಮಳೆಯನ್ನು ಆ ದಿನದ ಲೆಕ್ಕಕ್ಕೆ ಹಾಕಿ, 8:30 ಎಂಬ ಸಮಯವನ್ನೇ ದಾಖಲೆಯಲ್ಲಿ ಇಡುವುದು ಇನ್ನೊಂದು. ನಾನು ಎರಡನ್ನೂ ಮಾಡುತ್ತೇನೆ. ವಿಶ್ವಕಾಲಮಾನದಲ್ಲಿ ಅದು ಅದೇ ದಿನದ ಮುಂಜಾನೆ 3 ಗಂಟೆ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ದಿನ ಬದಲಾಗುವುದಿಲ್ಲ.

ಪ್ರತಿ ಡಾಕ್ಯುಮೆಂಟ್‌ಗೂ ತಾನಾಗಿಯೇ ಸಿಗುವ ಆಬ್ಜೆಕ್ಟ್‌ಐಡಿಯ 12 ಬೈಟ್‌ಗಳಲ್ಲಿ ಮೊದಲ ನಾಲ್ಕು ಅದು ಸೃಷ್ಟಿಯಾದ ಹೊತ್ತನ್ನು ಹೇಳುತ್ತವೆ. ಬೇರೆ ದಿನಾಂಕ ಏಕೆ ಬೇಕು ಎಂದು ಕೆಲವರು ವಾದಿಸುವುದನ್ನು ಕೇಳಿದ್ದೇನೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗಿ, ಅದರ ಬೆನ್ನಿಗೇ ನೆಟ್‌ವರ್ಕ್ ಕೂಡ ಹೋಗುವ ಊರುಗಳಲ್ಲಿ ಆ ವಾದ ನಿಲ್ಲುವುದಿಲ್ಲ. ಪುಸ್ತಕದಲ್ಲಿ ಬರೆದಿಟ್ಟದ್ದು ವಾರ ಕಳೆದ ಮೇಲೆ ಒಟ್ಟಿಗೆ ಕಂಪ್ಯೂಟರ್‌ಗೆ ಏರುವುದು ಇಲ್ಲಿ ಮಾಮೂಲು. ಹಾಗೆ ಏರಿಸುವಾಗ ಅರ್ಧದಲ್ಲಿ ಸಂಪರ್ಕ ಕಡಿದರೆ ಮತ್ತೆ ಮೊದಲಿನಿಂದ ಕಳುಹಿಸಬೇಕಾಗುತ್ತದೆ, ಆಗ ಒಂದೇ ಮಳೆ ಎರಡು ಸಲ ನಮೂದಾಗಬಾರದು. ಮಳೆಗೆ ಬೇರೆಯೇ ಕಲೆಕ್ಷನ್ ಇಟ್ಟು, ತೋಟ ಮತ್ತು ದಿನಾಂಕ ಎರಡನ್ನೂ ಸೇರಿಸಿ ಯೂನಿಕ್ ಇಂಡೆಕ್ಸ್ (ಒಂದೇ ಜೋಡಿ ಎರಡು ಸಲ ಬರದಂತೆ ತಡೆಯುವ ಸೂಚಿ) ಕಟ್ಟಿ, ಬರೆಯುವಾಗ ‘ಇನ್ಸರ್ಟ್’ ಬದಲು ‘ಅಪ್‌ಸರ್ಟ್’ (ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು) ಬಳಸಿದರೆ ಎಷ್ಟು ಸಲ ಕಳುಹಿಸಿದರೂ ಒಂದು ದಿನಕ್ಕೆ ಒಂದೇ ದಾಖಲೆ ಉಳಿಯುತ್ತದೆ.

ಮಾಂಗೋಡಿಬಿಯ ಆಪರೇಟರ್‌ಗಳೆಲ್ಲ ಡಾಲರ್ ಚಿಹ್ನೆಯಿಂದ ಆರಂಭವಾಗುತ್ತವೆ, ಪಿಎಚ್‌ಪಿಯ ವೇರಿಯಬಲ್‌ಗಳೂ ಹಾಗೆಯೇ. ಮೌಲ್ಯ ಬದಲಿಸುವ ಡಾಲರ್ ಸೆಟ್ ಎಂಬ ಆಪರೇಟರನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಬರೆದರೆ ಪಿಎಚ್‌ಪಿ ಅದನ್ನು ತನ್ನದೇ ವೇರಿಯಬಲ್ ಎಂದು ತಿಳಿದು, ಅಂಥದ್ದು ಇಲ್ಲದಿರುವುದರಿಂದ ಆ ಜಾಗವನ್ನು ಖಾಲಿ ಮಾಡುತ್ತದೆ. ‘ಅಪ್‌ಡೇಟ್ ಒನ್’ ಆದರೆ ಲೈಬ್ರರಿಯೇ ದೋಷ ಎಸೆಯುವುದರಿಂದ ತಪ್ಪು ಕಣ್ಣಿಗೆ ಬೀಳುತ್ತದೆ. ಹುಡುಕುವ ಪ್ರಶ್ನೆಯಲ್ಲಿ ‘ಇದಕ್ಕಿಂತ ದೊಡ್ಡದು’ ಎಂಬ ಆಪರೇಟರ್ ಹೀಗೆ ಮಾಯವಾದರೆ ಲಾಗ್‌ನಲ್ಲಿ ಪಿಎಚ್‌ಪಿಯ ಒಂದು ಸಾಲಿನ ಎಚ್ಚರಿಕೆ, ತೆರೆಯ ಮೇಲೆ ಖಾಲಿ ಪಟ್ಟಿ. ಒಂಟಿ ಉದ್ಧರಣ ಚಿಹ್ನೆಯನ್ನೇ ಸದಾ ಬಳಸುವುದು ಇದಕ್ಕೆ ಸುಲಭದ ಉಪಾಯ.

ಇದೇ ಡಾಲರ್ ಚಿಹ್ನೆಗೆ ಇನ್ನೂ ಗಂಭೀರವಾದ ಮುಖವಿದೆ. ಫಾರ್ಮ್‌ನ ಖಾನೆಯ ಹೆಸರಿನಲ್ಲಿ ಚೌಕ ಆವರಣಗಳಿದ್ದರೆ ಪಿಎಚ್‌ಪಿ ಅದನ್ನು ಅರೇ ಆಗಿ ಬಿಡಿಸುತ್ತದೆ. ತೋಟದ ಸಂಕೇತ ಬರಬೇಕಾದ ಖಾನೆಯಲ್ಲಿ, ‘ಇದಕ್ಕೆ ಸಮವಲ್ಲದ್ದು’ ಎಂಬ ಆಪರೇಟರನ್ನು ಆವರಣದೊಳಗಿಟ್ಟು ಯಾರಾದರೂ ಕಿಡಿಗೇಡಿತನದಿಂದ ಕಳುಹಿಸಿದರೆ, ಅಳಿಸುವ ಆಜ್ಞೆಯ ಷರತ್ತೇ ತಿರುವುಮುರುವಾಗಿ ಆ ಒಂದು ತೋಟವನ್ನು ಬಿಟ್ಟು ಉಳಿದೆಲ್ಲ ತೋಟಗಳ ದಾಖಲೆಗಳು ಅಳಿಸಿಹೋಗಬಹುದು. ಎಸ್‌ಕ್ಯೂಎಲ್ ಇಲ್ಲದಿರುವುದರಿಂದ ಇಂಜೆಕ್ಷನ್ (ಹೊರಗಿನವರು ಪ್ರಶ್ನೆಯೊಳಗೆ ತಮ್ಮ ಆಜ್ಞೆ ತೂರಿಸುವುದು) ಭಯವಿಲ್ಲ ಎಂಬ ಮಾತು ಇಲ್ಲಿ ಸುಳ್ಳಾಗುತ್ತದೆ. ಹೊರಗಿನಿಂದ ಬಂದ ಪ್ರತಿ ಮೌಲ್ಯವನ್ನೂ, ಅದು ಅಕ್ಷರಮಾಲೆಯೇ ಹೌದೆಂದು ಪರೀಕ್ಷಿಸಿ, ಇಲ್ಲವಾದರೆ ಬಾಗಿಲಲ್ಲೇ ತಿರಸ್ಕರಿಸಿದ ನಂತರವಷ್ಟೇ ಪ್ರಶ್ನೆಯೊಳಗೆ ಸೇರಿಸಬೇಕು.

ಕನ್ನಡದಲ್ಲಿ ದತ್ತಾಂಶ ಇಡುವವರಿಗೆ ಮಾತ್ರ ಎದುರಾಗುವ ಸಂಗತಿಗಳೂ ಕೆಲವಿವೆ. ಬಿಸಾನ್ ಅಕ್ಷರಮಾಲೆಗಳು ಸರಿಯಾದ ಯುಟಿಎಫ್-8ರಲ್ಲೇ ಇರಬೇಕು. ಕನ್ನಡದ ಒಂದೊಂದು ಸಂಕೇತಕ್ಕೂ ಅದರಲ್ಲಿ ಮೂರು ಬೈಟ್‌ಗಳು, ‘ಮಳೆ’ ಎಂಬ ಪದಕ್ಕೆ ಒಂಬತ್ತು. ರೈಟರ್ ಬರೆದ ಉದ್ದನೆಯ ಟಿಪ್ಪಣಿಯನ್ನು ‘ಸಬ್‌ಸ್ಟ್ರ್’ ಬಳಸಿ ನೂರು ಬೈಟ್‌ಗೆ ಕತ್ತರಿಸಿದರೆ ಕತ್ತರಿ ಬಹಳ ಸಲ ಅಕ್ಷರದ ನಡುವೆ ಬೀಳುತ್ತದೆ, ಡ್ರೈವರ್ ಅಂತಹ ಮುರುಕು ಅಕ್ಷರವನ್ನು ಒಪ್ಪದೆ ದೋಷ ಎಸೆಯುತ್ತದೆ. ‘ಎಂಬಿ ಸಬ್‌ಸ್ಟ್ರ್’ ಬಳಸಿದರೆ ಬೈಟ್ ಮುರಿಯುವುದಿಲ್ಲ, ಆದರೆ ಒತ್ತಕ್ಷರ ತುಂಡಾಗಬಹುದು. ಓದುವವರ ಕಣ್ಣಿಗೆ ಇಡಿಯಾಗಿ ಕಾಣಬೇಕಾದರೆ ‘ಗ್ರಾಫೀಮ್ ಸಬ್‌ಸ್ಟ್ರ್’ ಹೆಚ್ಚು ನಂಬಿಕೆಗೆ ಅರ್ಹ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವಾಗ ಕನ್ನಡದ ಕೊಲೇಶನ್ (ಭಾಷೆಯ ಜೋಡಣೆ ಕ್ರಮ) ಬೇಕೆಂದು ಹೇಳದಿದ್ದರೆ ಡೇಟಾಬೇಸ್ ಬೈಟ್‌ಗಳ ಕ್ರಮವನ್ನೇ ಅನುಸರಿಸುತ್ತದೆ. ಪಠ್ಯ ಹುಡುಕಾಟದ ಇಂಡೆಕ್ಸ್‌ಗೆ ಗೊತ್ತಿರುವ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇಲ್ಲ. ಭಾಷೆ ‘ನನ್’ (ಯಾವುದೂ ಇಲ್ಲ) ಎಂದು ಕೊಟ್ಟರೆ ಪದಗಳು ಇದ್ದ ರೂಪದಲ್ಲೇ ಸಿಗುತ್ತವೆ, ‘ತೋಟ’ ಎಂದು ಹುಡುಕಿದರೆ ‘ತೋಟದಲ್ಲಿ’ ಸಿಗುವುದಿಲ್ಲ. ವಿಭಕ್ತಿ ಪ್ರತ್ಯಯಗಳ ಮೇಲೆಯೇ ನಿಂತಿರುವ ಭಾಷೆಗೆ ಇದು ದೊಡ್ಡ ಕೊರತೆಯೇ ಸರಿ.

ಎಲ್ಲವನ್ನೂ ಮಾಂಗೋಡಿಬಿಗೇ ಒಪ್ಪಿಸಬೇಕೆಂಬ ಹಟ ನನಗಿಲ್ಲ. ಒಂದು ಡಾಕ್ಯುಮೆಂಟ್‌ನೊಳಗಿನ ಬದಲಾವಣೆ ಪೂರ್ತಿ ಆಗುತ್ತದೆ ಇಲ್ಲವೇ ಆಗುವುದೇ ಇಲ್ಲ ಎಂಬ ಭರವಸೆ ಅದರಲ್ಲಿ ಮೊದಲಿನಿಂದಲೂ ಇದೆ; ಒಂದು ದಿನದ ಕುಯ್ಲು, ಅದನ್ನು ಕುಯ್ದವರ ತೂಕದ ಪಟ್ಟಿಯ ಸಮೇತ, ಒಂದೇ ಡಾಕ್ಯುಮೆಂಟ್ ಆಗಿರುವುದು ಅದಕ್ಕಾಗಿಯೇ. ಆದರೆ ವಾರದ ಬಟವಾಡೆಯಲ್ಲಿ ಒಬ್ಬರ ಕೂಲಿಯಿಂದ ಮುಂಗಡವನ್ನು ಕಳೆದು, ನಗದು ಪುಸ್ತಕದಲ್ಲಿ ಅಷ್ಟೇ ಮೊತ್ತವನ್ನು ತೋರಿಸಬೇಕು. ಹಲವು ಡಾಕ್ಯುಮೆಂಟ್‌ಗಳನ್ನು ಒಟ್ಟಿಗೆ ಕಟ್ಟುವ ಟ್ರಾನ್ಸಾಕ್ಷನ್ ಸೌಲಭ್ಯ 2018ರ 4.0 ಆವೃತ್ತಿಯಿಂದ ಬಂದಿದೆಯಾದರೂ ಅದಕ್ಕೆ ರೆಪ್ಲಿಕಾ ಸೆಟ್ (ದತ್ತಾಂಶದ ಪ್ರತಿಗಳನ್ನು ಇಡುವ ಸರ್ವರ್ ವ್ಯವಸ್ಥೆ) ಬೇಕು. ಒಂದು ಸಣ್ಣ ಸರ್ವರ್ ಮೇಲೆ ಅದನ್ನು ಕಟ್ಟಿಕೊಂಡು ಕೂರುವುದಕ್ಕಿಂತ ಕೂಲಿಯ ಲೆಕ್ಕವನ್ನು ಮೈಎಸ್‌ಕ್ಯೂಎಲ್‌ನಲ್ಲಿ ಇಡುವುದೇ ಲೇಸೆಂದು ನನ್ನ ಅಭಿಪ್ರಾಯ, ಹಾಗೆಯೇ ಇಟ್ಟಿದ್ದೇನೆ. 5.7ನೇ ಆವೃತ್ತಿಯಿಂದ ಮೈಎಸ್‌ಕ್ಯೂಎಲ್‌ನಲ್ಲೇ ನಿಗದಿತ ರೂಪವಿಲ್ಲದ ದತ್ತಾಂಶ ಇಡಬಲ್ಲ ಜೇಸನ್ ಕಾಲಮ್ ಇರುವಾಗ ಎರಡು ಡೇಟಾಬೇಸ್ ಏಕೆ ಎಂದು ಕೇಳುವವರ ಪ್ರಶ್ನೆಯೂ ನ್ಯಾಯವಾದದ್ದೇ. ಒಳಪಟ್ಟಿಗಳ ಮೇಲೆ ಇಂಡೆಕ್ಸ್ ಕಟ್ಟಿ ಹುಡುಕುವುದು ಮಾಂಗೋಡಿಬಿಯಲ್ಲಿ ಸಲೀಸು ಎಂಬುದಷ್ಟೇ ನನ್ನ ಉತ್ತರ.

ರೂಪದ ಕಟ್ಟುಪಾಡು ಬೇಕೆನಿಸಿದಾಗ 3.6ನೇ ಆವೃತ್ತಿಯಿಂದ ಬಂದಿರುವ ಜೇಸನ್ ಸ್ಕೀಮಾ ನಿಯಮಗಳನ್ನು ಕಲೆಕ್ಷನ್‌ಗೆ ಅಂಟಿಸಬಹುದು: ಮಳೆ ಪೂರ್ಣಾಂಕವೇ ಆಗಿರಬೇಕು, ಸೊನ್ನೆಗಿಂತ ಕಡಿಮೆ ಇರಬಾರದು, ದಿನಾಂಕ ದಿನಾಂಕವೇ ಆಗಿರಬೇಕು ಎಂಬಷ್ಟು ಸಾಕು. ಈಗಾಗಲೇ ಇರುವ, ನಿಯಮಕ್ಕೆ ಹೊಂದದ ದಾಖಲೆಗಳನ್ನು ತಿದ್ದುವಾಗ ಅಡ್ಡಿಯಾಗದಂತೆ ಕಟ್ಟುನಿಟ್ಟನ್ನು ‘ಮಾಡರೇಟ್’ ಮಟ್ಟದಲ್ಲಿ ಇರಿಸಬಹುದು. ಬರಹವನ್ನು ತಡೆಯದೆ ಸರ್ವರ್‌ನ ಲಾಗ್‌ನಲ್ಲಿ ಎಚ್ಚರಿಕೆಯನ್ನಷ್ಟೇ ಬರೆಸುವ ‘ವಾರ್ನ್’ ಎಂಬ ಆಯ್ಕೆಯೂ ಇದೆ. ತೋಟಗಳ ಹಳೆಯ ಮಳೆ ಪುಸ್ತಕಗಳನ್ನು ಈಗ ಒಂದೊಂದಾಗಿ ಏರಿಸುತ್ತಿರುವುದರಿಂದ ಮಳೆಯ ಕಲೆಕ್ಷನ್ ಸದ್ಯಕ್ಕೆ ‘ವಾರ್ನ್’ನಲ್ಲಿದೆ; ಅವುಗಳಲ್ಲಿ ಕೆಲವು ಇಂಚಿನಲ್ಲಿ, ಕೆಲವು ಮಿಲಿಮೀಟರ್‌ನಲ್ಲಿ ಇರುವುದರಿಂದ ಮೂಲ ಅಂಕಿಯನ್ನು ಪುಸ್ತಕದಲ್ಲಿದ್ದಂತೆಯೇ, ಅದರ ಏಕಮಾನದ ಸಮೇತ, ಬೇರೆ ಫೀಲ್ಡ್‌ನಲ್ಲಿ ಉಳಿಸಿಕೊಳ್ಳುತ್ತಿದ್ದೇನೆ. ಆ ಕೆಲಸ ಮುಗಿದ ಮೇಲೆ ಅದನ್ನು ‘ಎರರ್’ಗೆ ಬದಲಿಸಬೇಕು.